ಏಪ್ರಿಲ್ ಎರಡನೇ ವಾರದ ಥಾಯ್ಲೆಂಡ್ ಊಟದ ಟೂರ್‌ಗೆ ಅಡ್ವಾನ್ಸ್ ಕಟ್ಟುವ ಮುಂಚೆ ಇದನ್ನು ಓದಿ

ಮೆಣಸು ಕೊಯ್ದು ಮುಗಿದು, ಕಾಫಿ ಅರಳಿಸುವ ಹೂಮಳೆ ಬಿದ್ದು, ಮಕ್ಕಳಿಗೆ ರಜೆ ಸಿಗುವ ಹೊತ್ತಿಗೆ ಕೊಡಗಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಪೋಸ್ಟರ್ ಸುತ್ತಲು ಶುರುವಾಗುತ್ತದೆ: ಬ್ಯಾಂಕಾಕ್, ಚಿಯಾಂಗ್ ಮಾಯ್, ಆರು ದಿನ, 12 ಜನ ಮಾತ್ರ, ಬೆಳಗಿನ ಮಾರ್ಕೆಟ್ ಸುತ್ತಾಟ, ಕೈಯಾರೆ ಅಡುಗೆ ಕಲಿಕೆ. ವಿರಾಜಪೇಟೆ, ಪೊನ್ನಂಪೇಟೆ ಕಡೆಯ ಹನ್ನೊಂದು ಜನ ಇಂಥದ್ದೇ ಒಂದು ಪ್ಯಾಕೇಜಿಗೆ ದುಡ್ಡು ಕಟ್ಟಿ ಹೋಗಿಬಂದರು. ಮಾರ್ಕೆಟ್ ಅರ್ಧ ಮುಚ್ಚಿತ್ತು. ಅಡುಗೆ ತರಗತಿಯಲ್ಲಿ 34 ಜನರಿದ್ದರು. ಒಬ್ಬರಿಗೆ ಮೈಯೆಲ್ಲ ದದ್ದು ಎದ್ದಿತು. ವಾಪಸ್ ಬರುವಾಗ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಆರು ಗಿಡ ಕಿತ್ತುಕೊಂಡರು. ಇದರಲ್ಲಿ ಒಂದೂ ಕೆಟ್ಟ ಗಳಿಗೆಯ ಫಲವಲ್ಲ, ಎಲ್ಲವೂ ಹೊರಡುವ ಮುಂಚೆಯೇ ಕೇಳಿ ತಿಳಿಯಬಹುದಾಗಿದ್ದ ಸಂಗತಿಗಳು.

ಮೊದಲನೆಯದು ತಾರೀಖು. ಏಪ್ರಿಲ್ 13ರಿಂದ 15 ಅಲ್ಲಿ ಸಾಂಗ್‌ಕ್ರಾನ್, ಅವರ ಹೊಸ ವರ್ಷ. ಹೆಸರು ಹುಟ್ಟಿದ್ದೇ ನಮ್ಮ ಸಂಕ್ರಾಂತಿ ಪದದಿಂದ. ನಮಗೆ ಎಡಮ್ಯಾರ್ ಒಂದು (ಕೊಡವರ ಹೊಸ ವರ್ಷ) ಬರುವುದೂ ಅದೇ ಸಂಕ್ರಮಣಕ್ಕೆ. ಹಬ್ಬಕ್ಕೆ ತೋಟದ ಕೂಲಿಯವರ ಲೈನ್‌ಮನೆಗಳು ಖಾಲಿಯಾಗುವ ಹಾಗೆ ಬ್ಯಾಂಕಾಕ್‌ನ ಸಣ್ಣ ಅಂಗಡಿಯವರು, ಅಡುಗೆಯವರು ಊರಿಗೆ ಹೊರಟುಬಿಡುತ್ತಾರೆ. ಚಿಯಾಂಗ್ ಮಾಯ್‌ನಲ್ಲಿ ಹಳೇ ಊರಿನ ಕಂದಕದ ಸುತ್ತ ನೀರೆರಚಾಟ, ಗಾಡಿ ಮುಂದೆ ಹೋಗುವುದಿಲ್ಲ. ನೀರಾಟ ನೋಡಲೆಂದೇ ಹೋಗುವವರಿಗೆ ಸರಿ, ಊಟ ಹುಡುಕಿ ಹೋಗುವವರಿಗಲ್ಲ. ಸಾಲದ್ದಕ್ಕೆ ಉತ್ತರ ಥಾಯ್ಲೆಂಡ್‌ನಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಲ, ಕಾಡಿಗೆ ಬೆಂಕಿ ಹಾಕುವ ಕಾಲ. ಗುಡ್ಡ ಕಾಣದಷ್ಟು ಹೊಗೆ, ಬಿಸಿಲು 40 ಡಿಗ್ರಿ ಹತ್ತಿರ. ಉಬ್ಬಸ ಇರುವವರನ್ನು ಆಗ ಅಲ್ಲಿಗೆ ಕರೆದೊಯ್ಯುವುದು ತಪ್ಪು.

ಹವೆ ಚೆನ್ನಾಗಿರುವುದು ನವೆಂಬರ್‌ನಿಂದ ಫೆಬ್ರವರಿ. ಆದರೆ ಆಗ ನಮ್ಮಲ್ಲಿ ಅರೇಬಿಕಾ, ಅದರ ಹಿಂದೆಯೇ ರೊಬಸ್ಟಾ ಕೊಯ್ಲು, ತೋಟ ಬಿಟ್ಟು ಯಾರು ಹೊರಡುತ್ತಾರೆ? ಇದೇ ಕಾರಣಕ್ಕೆ ಕೊಡಗಿನ ಗುಂಪುಗಳನ್ನು ಏಪ್ರಿಲ್‌ಗೆ ತುಂಬುವುದು ಸುಲಭ. ಕೊಯ್ಲು ಏರುವ ಮುಂಚೆ, ನವೆಂಬರ್ ಮೊದಲ ಹತ್ತು ದಿನ ಹೊಂದುತ್ತದೆ. ಉತ್ತರದಲ್ಲಿ ಮಳೆ ಬಹುಮಟ್ಟಿಗೆ ಹಿಂದೆ ಸರಿದಿರುತ್ತದೆ. ನೀರಲ್ಲಿ ದೀಪ ತೇಲಿಬಿಡುವ ಲಾಯ್ ಕ್ರಾಥಾಂಗ್ ಹಬ್ಬದ ಹುಣ್ಣಿಮೆ ಎಂದು ಬರುತ್ತದೆ ನೋಡಿಕೊಳ್ಳಿ, ಆ ವಾರ ಚಿಯಾಂಗ್ ಮಾಯ್‌ನ ಹೋಟೆಲ್ ದರ ಏರುತ್ತದೆ.

ಇನ್ನು ‘12 ಜನ ಮಾತ್ರ’. ಪೋಸ್ಟರ್‌ನ ಆ 12 ಇಲ್ಲಿಂದ ಹೊರಡುವವರ ಲೆಕ್ಕ. ಅಲ್ಲಿಳಿದ ಮೇಲೆ ಬೇರೆ ಊರಿನ ಎರಡು ಗುಂಪುಗಳನ್ನು ಇವರ ಜೊತೆ ಕೂಡಿಸಿ ಒಂದೇ ಬಸ್ಸಿಗೆ ಹತ್ತಿಸಿದರು. ಕೇಳಿದ್ದಕ್ಕೆ ‘ಹಬ್ಬ ಅಲ್ವಾ ಸಾರ್, ಅಡ್ಜಸ್ಟ್ ಮಾಡ್ಕೊಳ್ಳಿ’ ಎಂಬ ಉತ್ತರ. ಬರಹದಲ್ಲಿ ಕೇಳಬೇಕಾದ ಪ್ರಶ್ನೆ ‘ಎಷ್ಟು ಜನ’ ಅಲ್ಲ. ಬಸ್ಸಿನಲ್ಲಿ ಎಷ್ಟು, ಮಾರ್ಕೆಟ್‌ನಲ್ಲಿ ಒಬ್ಬ ಗೈಡ್‌ಗೆ ಎಷ್ಟು, ತರಗತಿಯಲ್ಲಿ ಒಂದು ಒಲೆಗೆ ಎಷ್ಟು, ಮೂರನ್ನೂ ಬೇರೆ ಬೇರೆ ಕೇಳಿ. ಒಲೆಗೆ ಇಬ್ಬರಿಗಿಂತ ಹೆಚ್ಚಾದರೆ ಅದು ತರಗತಿಯಲ್ಲ, ಪ್ರದರ್ಶನ.

ಆ ತರಗತಿಯಲ್ಲಿ ನಾಲ್ಕು ಒಲೆಗಳಿದ್ದವು. ನಾಲ್ಕು ಗಂಟೆಯಲ್ಲಿ ಆರು ಅಡುಗೆ. ಈ ಲೆಕ್ಕ ಕಂಡ ಕೂಡಲೇ ಅನುಮಾನ ಬರಬೇಕು. ಥಾಯ್ ‘ಗ್ರೀನ್ ಕರಿ’ಯ ಮಸಾಲೆ ಒಂದನ್ನೇ ಕಲ್ಲಿನ ಒರಳಲ್ಲಿ ಸರಿಯಾಗಿ ಕುಟ್ಟಲು 20ರಿಂದ 30 ನಿಮಿಷ ಬೇಕು. ನಾಲ್ಕು ಜನರ ಕರಿಗೆ ಒಂದು ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ, ಅರ್ಧ ಚಮಚ ಬಿಳಿ ಮೆಣಸು ಹುರಿದು ಮೊದಲು ಪುಡಿ ಮಾಡಿಕೊಳ್ಳಬೇಕು. ಆಮೇಲೆ ಉಪ್ಪಿನ ಜೊತೆ 15–20 ಸಣ್ಣ ಹಸಿಮೆಣಸು. ಉಪ್ಪು ಇಲ್ಲದಿದ್ದರೆ ಮೆಣಸಿನ ಸಿಪ್ಪೆ ಒರಳಲ್ಲಿ ಜಾರುತ್ತದೆ, ಅರೆಯುವುದಿಲ್ಲ. ನಂತರ ಎರಡು ಮಜ್ಜಿಗೆಹುಲ್ಲಿನ ಬುಡದ ಬಿಳಿ ಭಾಗ, ಒಂದಂಗುಲ ಗಲಂಗಲ್ (ಶುಂಠಿ ಜಾತಿಯ ಗೆಡ್ಡೆ), ಮಕ್ರುಟ್ ನಿಂಬೆಯ (ಎಲೆ, ಸಿಪ್ಪೆಗೆಂದೇ ಬೆಳೆಸುವ ಘಮದ ನಿಂಬೆ) ಸಿಪ್ಪೆ, ನಾಲ್ಕೈದು ಕೊತ್ತಂಬರಿ ಬೇರು. ನೀರು ಬಿಡುವ ಬೆಳ್ಳುಳ್ಳಿ, ಸಣ್ಣ ಈರುಳ್ಳಿ ಕೊನೆಗೆ. ಮೊದಲೇ ಹಾಕಿದರೆ ನಾರು ಕುಟ್ಟಲಾಗದೆ ಮಸಾಲೆಯಲ್ಲಿ ದಾರದ ಹಾಗೆ ಉಳಿಯುತ್ತದೆ. ಕಲಿಯಬೇಕಾದ್ದೇ ಈ ಕ್ರಮ. ಅಲ್ಲಿ ಕೊಟ್ಟಿದ್ದು ಪ್ಲಾಸ್ಟಿಕ್ ಡಬ್ಬಿಯ ಸಿದ್ಧ ಮಸಾಲೆ, ಒಬ್ಬೊಬ್ಬರು ಒಂದೊಂದು ಏಟು ಕುಟ್ಟಿ ಫೋಟೊ ತೆಗೆಸಿಕೊಳ್ಳಲು ಒಂದು ಒರಳು.

ಕಾಯಿಹಾಲೂ ಪೊಟ್ಟಣದ್ದು. ಗಟ್ಟಿ ಹಾಲನ್ನು ಎಣ್ಣೆ ಬಿಡುವವರೆಗೆ ಕುದಿಸಿ, ಆ ಎಣ್ಣೆಯಲ್ಲೇ ಮಸಾಲೆ ಹುರಿಯುವುದು ಈ ಕರಿಯ ಜೀವ. ಪೊಟ್ಟಣದ ಹಾಲಿಗೆ ಅದು ಒಡೆಯದಂತೆ ಪದಾರ್ಥ ಬೆರೆಸಿರುವುದುಂಟು, ಎಷ್ಟು ಕುದಿಸಿದರೂ ಎಣ್ಣೆ ಬಿಡುವುದಿಲ್ಲ. ಆಗ ಮಸಾಲೆ ಹುರಿಯದೆ ಬೇಯುತ್ತದೆ, ಹಸಿ ವಾಸನೆ ಹೋಗುವುದಿಲ್ಲ. ಮನೆಯಲ್ಲಿ ಪೊಟ್ಟಣವೇ ಗತಿಯಾದರೆ ಎರಡು ಚಮಚ ತೆಂಗಿನೆಣ್ಣೆ ಕಾಯಿಸಿ ಮಸಾಲೆ ಹುರಿದುಕೊಂಡು ಆಮೇಲೆ ಹಾಲು ಹಾಕಿ. ಕಾಯಿ ತುರಿದು ಹಿಂಡುವುದು ಗೊತ್ತಿರುವ ಕೊಡಗಿನ ಅಡುಗೆಮನೆಯವರು ದುಡ್ಡು ಕೊಟ್ಟು ಪೊಟ್ಟಣ ಕತ್ತರಿಸುವುದನ್ನು ನೋಡಿ ಬಂದರು.

ದದ್ದು ಎದ್ದದ್ದು ಆ ಡಬ್ಬಿಯ ಮಸಾಲೆಯಿಂದ. ಅವರಿಗೆ ಸಿಗಡಿ ಆಗುವುದಿಲ್ಲ ಎಂದು ಫಾರಂನಲ್ಲಿ ಬರೆದುಕೊಟ್ಟಿದ್ದರು. ತರಗತಿಯವರು ಅವರ ಕರಿಗೆ ಸಿಗಡಿ ಹಾಕಲಿಲ್ಲ ನಿಜ, ಕೋಳಿ ಹಾಕಿದರು. ಆದರೆ ಥಾಯ್ ಮಸಾಲೆಯ ಒಳಗೇ ‘ಕಪಿ’ ಇರುತ್ತದೆ (ನಮ್ಮ ಮಂಗವಲ್ಲ, ಉಪ್ಪು ಹಾಕಿ ಹುದುಗಿಸಿದ ಸಿಗಡಿ ಪೇಸ್ಟ್). ತರಕಾರಿ ಕರಿ ಎಂದು ಬಡಿಸಿದರೂ ಮಸಾಲೆ ಅದೇ, ಉಪ್ಪಿನ ಬದಲು ಮೀನಿನ ‘ನಾಮ್ ಪ್ಲಾ’. ಹಾಗಾಗಿ ‘ಸಿಗಡಿ ಬೇಡ’, ‘ವೆಜ್’ ಎಂದು ಹೇಳಿದರೆ ಸಾಲದು. ಸಿಗಡಿ, ಕಪಿ, ನಾಮ್ ಪ್ಲಾ, ಸಿಂಪಿ ಸಾಸ್, ಇವುಗಳನ್ನು ಒಂದೊಂದಾಗಿ ಥಾಯ್ ಲಿಪಿಯಲ್ಲಿ ಬರೆಸಿದ ಕಾರ್ಡ್ ಜೇಬಿನಲ್ಲಿರಲಿ. ಪೂರ್ತಿ ಸಸ್ಯಾಹಾರಿಗಳು ಹಳದಿ ಬಾವುಟದ ಮೇಲೆ ಕೆಂಪಕ್ಷರದ ‘ಜೇ’ ಗುರುತಿನ ಅಂಗಡಿ ಹುಡುಕಬೇಕು. ಅಲ್ಲಿ ಮಾಂಸ, ಮೀನು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ.

ಕಾಗದಪತ್ರದ ಕಡೆ ಎರಡು ಪೆಟ್ಟು ಬಿತ್ತು. ನಮ್ಮಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಆಧಾರ್‌ನಲ್ಲಿ ಅದು ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಪೂರ್ತಿ ಪದ. ಆಯೋಜಕರು ಆಧಾರ್ ನೋಡಿ ಟಿಕೆಟ್ ಮಾಡಿದ್ದರಿಂದ ಮೂವರ ಹೆಸರು ತಿದ್ದಲು ಮತ್ತೆ ಶುಲ್ಕ ತೆತ್ತರು. ಪಾಸ್‌ಪೋರ್ಟ್‌ನ ಫೋಟೊ ಪುಟ ಮಾತ್ರ ಕಳಿಸಿ, ಆಧಾರ್ ಕಳಿಸಲೇ ಬೇಡಿ. ಎರಡನೆಯದು, 2025ರ ಮೇ 1ರಿಂದ ಥಾಯ್ಲೆಂಡ್‌ಗೆ ಕಾಲಿಡುವವರು ಆನ್‌ಲೈನ್ ಆಗಮನ ಕಾರ್ಡ್ ತುಂಬಬೇಕು. ತಲುಪುವುದಕ್ಕೆ ಮುಂಚಿನ ಮೂರು ದಿನದೊಳಗೆ ಅಲ್ಲಿನ ಇಮಿಗ್ರೇಷನ್ ಇಲಾಖೆಯ ಸೈಟಿನಲ್ಲೇ ತುಂಬುವ ಇದಕ್ಕೆ ಕಾಸು ಇಲ್ಲ. ಇವರಿಂದ ತಲೆಗಿಷ್ಟು ಎಂದು ವಸೂಲು ಮಾಡಿದ್ದರು.

ವಿದೇಶಿ ಪ್ಯಾಕೇಜಿಗೆ ಜಿಎಸ್‌ಟಿ ಅಲ್ಲದೆ ಟಿಸಿಎಸ್ (ಪ್ಯಾಕೇಜ್ ಮಾರುವವರೇ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಹಿಡಿಯುತ್ತಾರೆ. ಅದು ನಿಮ್ಮದೇ ತೆರಿಗೆ, ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು, ಆದರೆ ನಿಮ್ಮ ಪ್ಯಾನ್ ಮೇಲೆ ಕಟ್ಟಿದ್ದರೆ ಮಾತ್ರ. ಹನ್ನೊಂದು ಜನರದ್ದೂ ಒಬ್ಬರ ಪ್ಯಾನ್‌ಗೆ ಹೋಗಿ ಕೂತಿತ್ತು. ನಿಮ್ಮ ಪ್ಯಾನ್‌ನ ವಾರ್ಷಿಕ ತೆರಿಗೆ ವಿವರಪಟ್ಟಿಯಲ್ಲಿ ಕಾಣದ ಟಿಸಿಎಸ್ ನಿಮಗೆ ಸಿಗುವುದಿಲ್ಲ. ಪ್ರತಿಯೊಬ್ಬರ ಹೆಸರಿಗೂ ಬೇರೆ ಬಿಲ್ ಕೇಳಿ, ಹಣ ಬ್ಯಾಂಕ್ ಮೂಲಕವೇ ಕೊಡಿ. ಪೋಸ್ಟರ್, ವಾಟ್ಸ್ಆ್ಯಪ್ ಮಾತು ಅಳಿಸಬೇಡಿ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ, ಎರಡು ವರ್ಷದೊಳಗೆ ಅರ್ಜಿ ಹಾಕಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಆಯೋಜಕರ ಕಚೇರಿ ಇರುವ ಊರಿಗೆ ಅಲೆಯಬೇಕಿಲ್ಲ.

ಗಿಡಗಳ ವಿಷಯದಲ್ಲಿ ಮಾತ್ರ ತಪ್ಪು ನಮ್ಮವರದೇ. ಮಳೆಗೆ ಮುಂಚೆ ನೆಡೋಣ ಎಂದು ಮಣ್ಣು ಸಮೇತ ಮಕ್ರುಟ್ ನಿಂಬೆ ಸಸಿ ಬ್ಯಾಗಿಗೆ ತುಂಬಿದ್ದರು. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಗಿಡ ತರುವಂತಿಲ್ಲ. ಕಿತ್ತುಕೊಂಡದ್ದು ಒಳ್ಳೆಯದೇ ಆಯಿತು. ಸಿಟ್ರಸ್ ಗ್ರೀನಿಂಗ್ ರೋಗ ಇಂಥ ಸಸಿ, ಕಸಿಕಡ್ಡಿ, ಎಲೆ ಹೀರುವ ಪುಟ್ಟ ಸಿಲ್ಲಿಡ್ ಕೀಟದ ಮೂಲಕವೇ ದಾಟುವುದು. ಕಾಫಿ ನಡುವೆ ಎಲ್ಲೆಲ್ಲೂ ಇದ್ದ ಕೊಡಗಿನ ಕಿತ್ತಳೆ ಸೊರಗಿದ್ದರಲ್ಲಿ ಈ ರೋಗದ ಪಾಲೂ ಇದೆ. ಚಿಯಾಂಗ್ ಮಾಯ್‌ನ ಹಂದಿ ಸಾಸೇಜನ್ನೂ ಅಲ್ಲೇ ತಿಂದು ಬನ್ನಿ. ಆಫ್ರಿಕನ್ ಹಂದಿ ಜ್ವರದ ವೈರಾಣು ಸಂಸ್ಕರಿಸಿದ ಮಾಂಸದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ನಮಗೆ ಏನೂ ಆಗುವುದಿಲ್ಲ, ತಿಂದುಳಿದದ್ದು ದೊಡ್ಡಿಗೆ ಬಿದ್ದರೆ ಹಂದಿ ಒಂದೂ ಉಳಿಯಲಿಕ್ಕಿಲ್ಲ.

ಮಕ್ರುಟ್ ಕಸಿಗಿಡ ನಮ್ಮ ದೇಶದ ನರ್ಸರಿಗಳಲ್ಲೇ ಸಿಗುತ್ತದೆ. ಒಂದೂವರೆ ಅಡಿ ಗುಂಡಿ ತೆಗೆದು, ಗೊಬ್ಬರ ಬೆರೆಸಿದ ಮಣ್ಣನ್ನು ನೆಲಕ್ಕಿಂತ ಒಂದಡಿ ಎತ್ತರ ದಿಬ್ಬ ಮಾಡಿ ನೆಡಿ. ಜುಲೈ ಮಳೆಯಲ್ಲಿ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಕಸಿಗಂಟು ಮಣ್ಣಿಗಿಂತ ಒಂದು ಗೇಣು ಮೇಲಿರಲಿ. ಮೇ ಕೊನೆಗೆ ಶೇ 1ರ ಬೋರ್ಡೋ ದ್ರಾವಣ ಕಾಂಡಕ್ಕೆ ಹಚ್ಚಿ. ಒಂದೇ ಗಿಡಕ್ಕಾದರೆ 10 ಗ್ರಾಂ ಮೈಲುತುತ್ತ, 10 ಗ್ರಾಂ ಸುಣ್ಣ, ಒಂದು ಲೀಟರ್ ನೀರು ಸಾಕು. ಎಲೆ ಕೀಳಲು ಒಂದು ವರ್ಷ ಕಾಯಿರಿ.