ಸಿಂಗಪುರದಿಂದ ನ್ಯೂಯಾರ್ಕ್‌ಗೆ: ನೇರ ವಿಮಾನವೋ, ಫ್ರಾಂಕ್‌ಫರ್ಟ್ ಮಾರ್ಗವೋ?

ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಿಂದ ನ್ಯೂಯಾರ್ಕಿನ ಜೆಎಫ್‌ಕೆಗೆ ನೇರ ಅಂತರ ಸುಮಾರು 15,300 ಕಿ.ಮೀ.; ಸಿಂಗಪುರ್ ಏರ್‌ಲೈನ್ಸ್‌ನ ತಡೆರಹಿತ ವಿಮಾನಕ್ಕೆ ಇದು ಹೆಚ್ಚುಕಡಿಮೆ 19 ಗಂಟೆಗಳ ಹಾದಿ. ಅದೇ ಸಂಸ್ಥೆಯ ಫ್ರಾಂಕ್‌ಫರ್ಟ್ ಮಾರ್ಗದಲ್ಲಿ ದೂರ ಸುಮಾರು 16,500 ಕಿ.ಮೀ. ಆಗುತ್ತದೆ. ಈ ಹೆಚ್ಚುವರಿ ದೂರ ಒಂದೂವರೆ ಗಂಟೆಯ ಹಾರಾಟಕ್ಕಿಂತ ಹೆಚ್ಚಲ್ಲದಿದ್ದರೂ, ನಡುವೆ ಇಳಿದು ಕಾಯಬೇಕಾದುದರಿಂದ ಮತ್ತು ಅಟ್ಲಾಂಟಿಕ್ ಸಾಗರದ ಮೇಲೆ ಪಶ್ಚಿಮಕ್ಕೆ ಸಾಗುವಾಗ ಸಾಮಾನ್ಯವಾಗಿ ಎದುರುಗಾಳಿ ಸಿಗುವುದರಿಂದ ಒಟ್ಟು ಪ್ರಯಾಣ 24 ಗಂಟೆಗಳನ್ನು ಸಮೀಪಿಸುತ್ತದೆ.

ಸಮಯವೊಂದನ್ನೇ ನೋಡುವುದಾದರೆ ನೇರ ವಿಮಾನವೇ ಮೇಲು. ಆದರೆ ಆ ಮಾರ್ಗದ ಏರ್‌ಬಸ್ ಎ350-900 ಯುಎಲ್‌ಆರ್ ವಿಮಾನದಲ್ಲಿ ಬಿಸಿನೆಸ್ ಮತ್ತು ಪ್ರೀಮಿಯಂ ಎಕಾನಮಿ ದರ್ಜೆಗಳಷ್ಟೇ ಇದ್ದು, ಸಾಮಾನ್ಯ ಎಕಾನಮಿ ಆಸನಗಳಿಲ್ಲ. ಟಿಕೆಟ್ ದರ ಮುಖ್ಯವೆನ್ನುವವರು ಫ್ರಾಂಕ್‌ಫರ್ಟ್ ಮಾರ್ಗವನ್ನೇ ನೋಡಬೇಕು. ಬಹುಹೊತ್ತು ಕುಳಿತರೆ ಕಾಲು ಊದಿಕೊಳ್ಳುವವರಿಗೂ ನಡುವೆ ಇಳಿದು ಓಡಾಡುವ ಅವಕಾಶ ನಿಜಕ್ಕೂ ಹಿತಕರ.