ಯೇಊರ್ ಬೆಟ್ಟದ 'ಗೈಡೆಡ್ ಟ್ರೆಕ್': ಹಣ ಕಟ್ಟುವ ಮುಂಚೆ ಇದನ್ನೊಮ್ಮೆ ಓದಿ

ಇನ್‌ಸ್ಟಾಗ್ರಾಮಿನಲ್ಲಿ ಒಂದು ಜಾಹೀರಾತು ಓಡಾಡುತ್ತಿದೆ. ಹಳದಿ ರೇನ್‌ಕೋಟ್ ಹಾಕಿದ ಹುಡುಗನೊಬ್ಬ ಹಸಿರು ಪೊದೆಗಳ ನಡುವೆ ನಿಂತು ಎರಡು ಬೆರಳೆತ್ತಿ ನಗುತ್ತಿದ್ದಾನೆ. ಕೆಳಗೆ 'ಸೇಫ್, ಫ್ಯಾಮಿಲಿ ಫ್ರೆಂಡ್ಲಿ, ಸರ್ಟಿಫೈಡ್ ಗೈಡ್' ಎಂದು ಬರೆದಿದೆ. ಆ ಹುಡುಗ ನನ್ನ ಮಗ. ಫೋಟೊ ತೆಗೆದದ್ದು ಬೆಳಿಗ್ಗೆ ಎಂಟೂವರೆಗೆ. ಅದೇ ದಿನ ಮಧ್ಯಾಹ್ನ ಮೂರಕ್ಕೆ ಅವನು ಅದೇ ರೇನ್‌ಕೋಟಿನಲ್ಲಿ ನಡುಗುತ್ತಾ, "ಅಪ್ಪಾ, ಕತ್ತಲಾದ್ರೆ ಏನ್ಮಾಡೋದು?" ಅಂತ ಕೇಳುತ್ತಿದ್ದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಗೈಡ್ ಅನ್ನಿಸಿಕೊಂಡವನ ಹತ್ತಿರವೂ ಇರಲಿಲ್ಲ.

ಮುಂಬಯಿ, ಠಾಣೆ ಕಡೆಯ ಕನ್ನಡದವರ ಎಷ್ಟೋ ವಾಟ್ಸಾಪ್ ಗುಂಪುಗಳಲ್ಲಿ ಆ ಪೋಸ್ಟು ತಿರುಗುತ್ತಿದೆ, ನನಗೆ ಸಿಕ್ಕಿದ್ದೂ ಹಾಗೆಯೇ. ಅದಕ್ಕೇ ಬರೆಯುತ್ತಿದ್ದೇನೆ.

2024ರ ಸೆಪ್ಟೆಂಬರಿನ ಒಂದು ಭಾನುವಾರ. ಅದು ಕಾರ್ವಿ ಹೂವಿನ ವರ್ಷ. ಕಾರ್ವಿ ಅಂದರೆ ನಮ್ಮ ನೀಲಕುರಿಂಜಿಯ ದಾಯಾದಿ. ಕುರಿಂಜಿ 12 ವರ್ಷಕ್ಕೊಮ್ಮೆ ಅರಳಿದರೆ ಇದು 8 ವರ್ಷಕ್ಕೊಮ್ಮೆ. 2016ರಲ್ಲಿ ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಅರಳಿದಾಗ ಮಗ ಇನ್ನೂ ತೊದಲು ಮಾತಿನ ಕೂಸು. ಈ ಸಲ ತೋರಿಸಲೇಬೇಕು ಅಂತಿತ್ತು. ಅಷ್ಟರಲ್ಲಿ ಸುಳ್ಯದಿಂದ ಅಕ್ಕ, ಭಾವ ಬಂದರು. ಭಾವ ಅಡಿಕೆ ಕೃಷಿಕರು, ಶಾಸನದ ಹುಚ್ಚು ಬೇರೆ. ಅವರಿಗೆ ಅದೇ ಉದ್ಯಾನದೊಳಗಿನ ಕಾನ್ಹೇರಿ ಗುಹೆ ನೋಡಬೇಕಿತ್ತು, ಅಲ್ಲಿ ಅಮೋಘವರ್ಷ ನೃಪತುಂಗನ ಆಳ್ವಿಕೆಯ ಶಾಸನಗಳಿವೆ ಅಂತ. ಹೌದು, 'ಕವಿರಾಜಮಾರ್ಗ'ದ ಅದೇ ನೃಪತುಂಗ. ಅವನ ಕೈಕೆಳಗಿನ ಉತ್ತರ ಕೊಂಕಣದ ಶಿಲಾಹಾರರ ಕಾಲದಲ್ಲಿ, 9ನೇ ಶತಮಾನದಲ್ಲಿ, ಇಲ್ಲಿನ ಬೌದ್ಧ ಭಿಕ್ಷುಗಳಿಗೆ ಕೊಟ್ಟ ದಾನಗಳ ದಾಖಲೆ ಅವು.

ಜಾಹೀರಾತಿನಲ್ಲಿ ಎರಡೂ ಇತ್ತು. ಉದ್ಯಾನದ ಠಾಣೆ ಬದಿಯ ಯೇಊರ್‌ನಿಂದ ಹತ್ತಿ, ಕಾರ್ವಿ ಹೂ ನೋಡಿ, ತುಳಸಿ ಕೆರೆಯನ್ನು ಮೇಲಿನಿಂದ ಕಂಡು, ಮಧ್ಯಾಹ್ನ ಒಂದು ಗಂಟೆಯೊಳಗೆ ಕಾನ್ಹೇರಿಯಲ್ಲಿ ಇಳಿಯುವುದು. ತಲೆಗೆ 899 ರೂಪಾಯಿ, ತಿಂಡಿ ಸೇರಿ. "ಫಾರೆಸ್ಟ್ ಪರ್ಮಿಷನ್ ಇದೆಯಾ?" ಅಂತ ಮೆಸೇಜು ಹಾಕಿದೆ. "ಸಬ್ ಹೈ ಸರ್, ಟೆನ್ಶನ್ ಮತ್ ಲೋ" ಅಂತ ಬಂತು, ಜೊತೆಗೊಂದು ಹೆಬ್ಬೆರಳು. ಆ ಹೆಬ್ಬೆರಳನ್ನೇ ಪರವಾನಗಿ ಅಂದುಕೊಂಡು ದುಡ್ಡು ಹಾಕಿದೆ. ಅದೂ ಯಾವುದೋ ಸಂಸ್ಥೆಯ ಖಾತೆಗಲ್ಲ, ಒಬ್ಬರ ಸ್ವಂತ ಯುಪಿಐಗೆ. ಆಗಲೇ ಅನುಮಾನ ಬರಬೇಕಿತ್ತು.

ಎರಡನೇ ಅನುಮಾನ ಬರಬೇಕಾಗಿದ್ದು ಬೆಳಿಗ್ಗೆ. ಸೇರುವ ಜಾಗ ಯೇಊರ್‌ನ ಅರಣ್ಯ ಇಲಾಖೆಯ ಗೇಟಲ್ಲ, ಅದಕ್ಕಿಂತ ಬಹಳ ಹಿಂದೆಯೇ ಒಂದು ಚಹಾ ಅಂಗಡಿ. ಎಣಿಸಿದರೆ ನಾವು 32 ಜನ. ಗೈಡ್ ಒಬ್ಬನೇ, ಇಪ್ಪತ್ತಮೂರೋ ಇಪ್ಪತ್ನಾಲ್ಕೋ ವರ್ಷ, ಕಾಲಿಗೆ ಸ್ಯಾಂಡಲ್. ಹೆಸರು ಬರೆದುಕೊಳ್ಳಲಿಲ್ಲ, ಮನೆಯವರ ಫೋನ್ ನಂಬರ್ ಕೇಳಲಿಲ್ಲ, ಯಾರಿಗಾದರೂ ಬಿಪಿ, ಶುಗರ್ ಇದೆಯಾ ಅಂತ ವಿಚಾರಿಸಲಿಲ್ಲ. ಹೇಳಿದ್ದು ಒಂದೇ ಮಾತು: "ಯಾರಾದ್ರೂ ಕೇಳಿದ್ರೆ ಮಾರ್ನಿಂಗ್ ವಾಕ್ ಅನ್ನಿ."

ಭಾವ ನನ್ನ ಮುಖ ನೋಡಿದರು. "ಅನುಮತಿ ಉಂಟು ಹೇಳಿದವ ಸುಳ್ಳು ಯಾಕೆ ಹೇಳಿಸ್ತಾನೆ ಮಾರಾಯ?"

ನಾನು "ಇಲ್ಲೆಲ್ಲ ಹೀಗೇ ಭಾವ" ಅಂದೆ. ಮುಂಬಯಿಯಲ್ಲಿ ಇಪ್ಪತ್ತು ವರ್ಷ ಕಳೆದವನ ಜಂಬ.

ಗೇಟಿನ ಕಡೆ ಹೋಗದೆ ಒಂದು ಗಲ್ಲಿ ಹೊಕ್ಕು, ಕಾಂಪೌಂಡ್ ಗೋಡೆ ಒಡೆದಿದ್ದ ಕಡೆ ಒಬ್ಬೊಬ್ಬರಾಗಿ ನುಸುಳಿದೆವು. ಸಂದಿಯ ಎರಡೂ ಬದಿ ಬಿಯರ್ ಬಾಟಲಿಯ ಚೂರು. ಅಕ್ಕ ಸೀರೆ ಎತ್ತಿ ಹಿಡಿದು ದಾಟುವಾಗ ನನಗೆ ನಾಚಿಕೆಯಾಯಿತು ನಿಜ, ಆದರೆ ವಾಪಸ್ ಹೋಗೋಣ ಅನ್ನುವಷ್ಟು ಆಗಲಿಲ್ಲ. ಗೋಡೆಯ ಆಚೆ ಹತ್ತು ಹೆಜ್ಜೆಗೆ ಮಗನ ಫೋಟೊ ತೆಗೆದದ್ದು.

ಕಾಡು ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಕಾರ್ವಿ ಆಳೆತ್ತರಕ್ಕೂ ಮೇಲೆ ಬೆಳೆದು ಎರಡೂ ಕಡೆ ಗೋಡೆ ಕಟ್ಟಿದಂತಿತ್ತು. ಎಲೆ ಮರಳು ಕಾಗದದ ಹಾಗೆ ಒರಟು, ತಾಗಿದಲ್ಲೆಲ್ಲ ಗೀರು. ಅದರ ಮಧ್ಯೆ ನೇರಳೆ ನೀಲಿ ಹೂ, ಜೇನಿನ ಗುಂಯ್‌ಗುಡುವಿಕೆ. ಇಲ್ಲಿನ ವಾರ್ಲಿ ಜನ ಇದೇ ಕಾರ್ವಿ ಕೋಲನ್ನು ಸಾಲಾಗಿ ನಿಲ್ಲಿಸಿ, ಮೇಲೆ ಮಣ್ಣು ಸೆಗಣಿ ಮೆತ್ತಿ ಮನೆಗೋಡೆ ಮಾಡುತ್ತಾರೆ. ಅದನ್ನು ನಾನೇ ಹೇಳಬೇಕಾಯಿತು, ಗೈಡ್ ಆಗಲೇ ಐವತ್ತು ಮಾರು ಮುಂದೆ ರೀಲ್ ಮಾಡುತ್ತಿದ್ದ. ಹಿಂದೆ ಯಾರಿದ್ದಾರೆ, ಎಷ್ಟು ಜನ ಉಳಿದಿದ್ದಾರೆ ಅನ್ನುವ ಖಬರೇ ಇಲ್ಲ. ಸಾಲಿನ ಕೊನೆಗೆ ಒಬ್ಬ ಗೊತ್ತಿರುವವನು ಇರಬೇಕು ಅನ್ನುವುದು ಶಾಲೆ ಪ್ರವಾಸಕ್ಕೆ ಕರೆದೊಯ್ಯುವ ಮೇಷ್ಟ್ರಿಗೂ ಗೊತ್ತು.

ದಾರಿ ಮಧ್ಯದ ಒಂದು ಕಲ್ಲಿನ ಮೇಲೆ ಹಿಕ್ಕೆ ಬಿದ್ದಿತ್ತು. ಭಾವ ಕೋಲಿನಿಂದ ಬಿಡಿಸಿ ನೋಡಿದರು. ಒಳಗೆ ಕೂದಲು, ಮೂಳೆ ಚೂರು. "ಇದು ಚಿರತೆಯದ್ದು. ಹಳತಲ್ಲ." ಗೈಡ್‌ನನ್ನು ಕೂಗಿ ತೋರಿಸಿದರೆ "ಕುತ್ತಾ ಹೈ ಅಂಕಲ್" ಅಂದ. ಸುಮಾರು 104 ಚದರ ಕಿಲೋಮೀಟರಿನ ಈ ಕಾಡಿನಲ್ಲಿ 50ರ ಆಸುಪಾಸು ಚಿರತೆಗಳಿವೆ ಅನ್ನುವುದು ಇಲ್ಲಿನ ಮಕ್ಕಳಿಗೂ ಗೊತ್ತಿರುವ ಸಂಗತಿ. ಹಗಲು ಹೊತ್ತು ಗುಂಪಾಗಿ ಹೋದರೆ ಅವು ನಮ್ಮ ತಂಟೆಗೆ ಬರುವುದಿಲ್ಲ, ಅದೂ ಗೊತ್ತು. ಆದರೆ ಕತ್ತಲಿಗೆ ಮುಂಚೆ ಹೊರಗಿರಬೇಕು, ಮಕ್ಕಳನ್ನು ಹಿಂದೆ ಬಿಡಬಾರದು ಅಂತ ಹೇಳಬೇಕಾದವನೇ ನಾಯಿ ಅಂದುಬಿಟ್ಟರೆ?

ಹನ್ನೊಂದಕ್ಕೆ ಮಳೆ ಹಿಡಿಯಿತು. ಈ ಬೆಟ್ಟವೆಲ್ಲ ಕಪ್ಪು ಬಸಾಲ್ಟ್ ಕಲ್ಲು. ನಮ್ಮ ಊರಿನ ಮುರಕಲ್ಲು ಒದ್ದೆಯಾದರೂ ಕಾಲಿಗೆ ಹಿಡಿತ ಕೊಡುತ್ತದೆ. ಇದು ಮಳೆಗಾಲದಲ್ಲಿ ಪಾಚಿ ಕಟ್ಟಿ ಎಣ್ಣೆ ಸವರಿದ ಹಂಚಿನ ಹಾಗಾಗುತ್ತದೆ. ಒಂದು ಇಳಿಜಾರಿನಲ್ಲಿ ಡೊಂಬಿವಲಿಯಿಂದ ಬಂದಿದ್ದ ಹುಡುಗಿಯೊಬ್ಬಳು ಜಾರಿ ಬಿದ್ದಳು. ನಾವು ನೋಡುತ್ತಿದ್ದಂತೆಯೇ ಪಾದದ ಗಂಟು ಬನ್ನಿನ ಹಾಗೆ ಊದಿತು. ಗೈಡ್‌ನ ಚೀಲದಲ್ಲಿದ್ದದ್ದು ನಾಲ್ಕು ಬ್ಯಾಂಡೇಡ್, ಒಂದು ನೋವಿನ ಸ್ಪ್ರೇ ಡಬ್ಬಿ. ಒತ್ತಿದರೆ ಬರೀ ಗಾಳಿ. ಭಾವ ಎರಡು ಕಾರ್ವಿ ಕೋಲು ಮುರಿದು, ಹೆಗಲ ಮೇಲಿನ ಬೈರಾಸನ್ನು ಹರಿದು ಕಾಲು ಕಟ್ಟಿದರು. ಹರಿಯುವ ಮುಂಚೆ ಒಂದು ಕ್ಷಣ ಅದನ್ನು ನೋಡಿದ್ದು ನನಗೆ ಕಂಡಿತು. ಹೊಸ ಬೈರಾಸು, ಈ ಪ್ರವಾಸಕ್ಕೆ ಅಂತಲೇ ತಂದದ್ದು.

ಅಲ್ಲಿಂದ ಹಿಂದಿರುಗಿದ್ದರೂ ಆಗುತ್ತಿತ್ತು. "ಕಾನ್ಹೇರಿ ಅರ್ಧ ಗಂಟೆ ಅಷ್ಟೇ" ಅಂದ. ಅರ್ಧ ಗಂಟೆ ಎರಡು ಗಂಟೆಯಾಯಿತು. ಅವನು ಮೊಬೈಲ್ ಮೇಲೆತ್ತಿ ಮೇಲೆತ್ತಿ ಹುಡುಕುತ್ತಿದ್ದುದು ನೆಟ್‌ವರ್ಕ್. ಮ್ಯಾಪ್ ಡೌನ್‌ಲೋಡ್ ಕೂಡ ಮಾಡಿಕೊಂಡಿರಲಿಲ್ಲ. ಒಮ್ಮೆ ದಾಟಿದ್ದ ಹಳ್ಳವೇ ಮತ್ತೆ ಎದುರಾದಾಗ ಯಾರಿಗೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಆ ಹಳ್ಳದ್ದೇ ನಿಜವಾದ ಕಥೆ. ಬೆಳಿಗ್ಗೆ ಮೊಣಕಾಲಿನ ಕೆಳಗಿತ್ತು, ತಳದ ಕಲ್ಲು ಕಾಣುತ್ತಿತ್ತು. ಈಗ ಬಂದು ನೋಡಿದರೆ ಅಷ್ಟೇನೂ ಏರಿರಲಿಲ್ಲ, ಆದರೆ ಬಣ್ಣ ಚಹಾದ್ದು. ಗೈಡ್ ಆಗಲೇ ನೀರಿಗಿಳಿದು "ಆಜಾವ್ ಆಜಾವ್, ಕೈ ಹಿಡಿದುಕೊಳ್ಳಿ" ಅನ್ನುತ್ತಿದ್ದ. ಐದಾರು ಹುಡುಗರು ಇಳಿಯಲು ಬೂಟು ಬಿಚ್ಚುತ್ತಿದ್ದರು. ನನ್ನ ಮಗನೂ.

ಭಾವ ಅವನ ರೇನ್‌ಕೋಟಿನ ಟೊಪ್ಪಿ ಹಿಡಿದು ಹಿಂದಕ್ಕೆಳೆದರು. "ನೀರಿನಲ್ಲಿ ಏನು ಬರ್ತಾ ಉಂಟು ನೋಡು." ತರಗೆಲೆ, ಸಣ್ಣ ಕಡ್ಡಿ, ಬಿಳಿ ನೊರೆ. "ಮೇಲೆ ಜೋರು ಮಳೆ ಬಿದ್ದಿದೆ. ಇದು ಈಗ ಬರುವ ನೀರಲ್ಲ, ಇನ್ನು ಬರುವ ನೀರಿನ ಮುನ್ಸೂಚನೆ." ಆಮೇಲೆ ಅವರಿಗೆ ಬರುವಷ್ಟು ಹಿಂದಿಯಲ್ಲಿ ಗೈಡ್‌ಗೆ ಗದರಿದರು. ಅವನು ಗೊಣಗುತ್ತಾ ಮೇಲೆ ಬಂದ. ಹತ್ತು ನಿಮಿಷವೂ ಕಳೆದಿರಲಿಲ್ಲ, ಅವನು ನಿಂತಿದ್ದ ಜಾಗದಲ್ಲಿ ಒಂದು ಮರದ ಬೊಡ್ಡೆ ಉರುಳಿಕೊಂಡು ಹೋಯಿತು. ಅದರ ಸದ್ದು ಯಾರೋ ಮಾಳಿಗೆಯ ಮೇಲೆ ಕಪಾಟು ಎಳೆದ ಹಾಗಿತ್ತು. 32 ಜನ ಸುಮ್ಮನೆ ನಿಂತು ನೋಡಿದೆವು. ಮಗ ಕತ್ತಲಿನ ಪ್ರಶ್ನೆ ಕೇಳಿದ್ದು ಆಗ.

ನಮ್ಮನ್ನು ಹೊರಗೆ ತಂದವರು ಒಬ್ಬ ವಾರ್ಲಿ ಹೆಂಗಸು. ಸೆರಗಿನಲ್ಲಿ ಕರ್ಟೋಲಿ, ಅಂದರೆ ನಮ್ಮ ಮಾಡಹಾಗಲಕಾಯಿ, ತುಂಬಿಕೊಂಡು ಬರುತ್ತಿದ್ದರು. ಇಷ್ಟು ಜನರನ್ನು ಕಂಡು ಮೊದಲು ಗಾಬರಿ, ಆಮೇಲೆ ನಗು, ಆಮೇಲೆ ಮರಾಠಿಯಲ್ಲಿ ಚೆನ್ನಾಗಿ ಬೈಗುಳ. ಮಳೆ ಇರುವಾಗ ಈ ಹಳ್ಳವನ್ನು ನಾವೇ ದಾಟುವುದಿಲ್ಲ, ಮಕ್ಕಳನ್ನು ಕಟ್ಟಿಕೊಂಡು ನೀವು ಬಂದಿರಲ್ಲ ಅಂತ. ಹಳ್ಳಕ್ಕೆ ಬೆನ್ನು ಹಾಕಿ ಏಣು ಹಿಡಿದು ಒಂದೂವರೆ ಗಂಟೆ ನಡೆಸಿದರು. ಕಾಲು ಉಳುಕಿದ ಹುಡುಗಿಯನ್ನು ಹುಡುಗರು ಸರದಿಯ ಮೇಲೆ ಹೊತ್ತರು. ನಾನು ದುಡ್ಡು ಕೊಡಲು ಹೋದರೆ ಆಕೆ ತೆಗೆದುಕೊಳ್ಳಲಿಲ್ಲ. ಅಕ್ಕ ಒಂದು ಸೇರಿನಷ್ಟು ಕರ್ಟೋಲಿ ಕೊಂಡು ಅದರ ನೆಪದಲ್ಲಿ ಕೊಟ್ಟಳು.

ಕೆಳಗೆ ಅರಣ್ಯ ಸಿಬ್ಬಂದಿ ಕಾಯುತ್ತಿದ್ದರು. "ಪರವಾನಗಿ ಕುಠೇ ಆಹೇ?" ಅಂದಾಗ ಎಲ್ಲರೂ ತಿರುಗಿ ನೋಡಿದೆವು. ಗೈಡ್ ಇರಲಿಲ್ಲ. ಕೊನೆಯ ತಿರುವಿನವರೆಗೆ ಇದ್ದವನು ಗೋಡೆಯ ಸಂದಿ ಹುಡುಕಿಕೊಂಡು ಹೋಗಿದ್ದ. ಹೆಸರು, ವಿಳಾಸ ಬರೆಸಿ, ದಂಡ ಕಟ್ಟಿದ್ದು ನಾವು. ಸಿಬ್ಬಂದಿಯ ತಪ್ಪೇನಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಉದ್ಯಾನದೊಳಗೆ ಪರವಾನಗಿ ಇಲ್ಲದೆ ಕಾಲಿಡುವುದೇ ಅಪರಾಧ. ಗೈಡ್ ಹೇಳಿದ್ದಕ್ಕೆ ಬಂದೆವು ಅನ್ನುವುದು ಅಲ್ಲಿ ಸಮಜಾಯಿಷಿ ಆಗುವುದಿಲ್ಲ. ಅವರಲ್ಲೊಬ್ಬರು, ವಯಸ್ಸಾದವರು, ಹುಡುಗಿಯ ಕಾಲಿನ ಕಟ್ಟು ನೋಡಿ ಯಾರು ಕಟ್ಟಿದ್ದು ಅಂತ ಕೇಳಿ, ಭಾವನ ದಂಡದ ರಸೀದಿ ಕೊಡುವಾಗ ನಮಸ್ಕಾರ ಮಾಡಿದರು.

ಒಂದು ಮಾತು ಸ್ಪಷ್ಟ ಮಾಡಬೇಕು. ಈ ಕಾಡಿಗೆ ಹೋಗಬೇಡಿ ಅನ್ನುತ್ತಿಲ್ಲ. ಬೊರಿವಲಿಯ ಮುಖ್ಯ ಗೇಟಿನಿಂದ ಟಿಕೆಟ್ ತೆಗೆದುಕೊಂಡು ಕಾನ್ಹೇರಿಯವರೆಗೆ ಡಾಂಬರು ರಸ್ತೆಯಲ್ಲಿ ಬಸ್ಸಿನಲ್ಲೇ ಹೋಗಬಹುದು, ಸೋಮವಾರ ಒಂದು ಬಿಟ್ಟು. ಕಾಡಿನೊಳಗೇ ನಡೆಯಬೇಕು ಅಂದರೆ ಶಿಲೋಂಡಾದಂಥ ಹಾದಿಗಳಿವೆ; ಉದ್ಯಾನದ ನಿಸರ್ಗ ಮಾಹಿತಿ ಕೇಂದ್ರದಲ್ಲಿ ಮೊದಲೇ ಕೇಳಿ ಅನುಮತಿ ಪಡೆದು, ಅವರ ಮಾರ್ಗದರ್ಶಕರ ಜೊತೆ ಹೋಗಬೇಕು. ಯೇಊರ್‌ನಿಂದ ಕಾನ್ಹೇರಿಗೆ ಕಾಡು ಸೀಳಿಕೊಂಡು ಹೋಗುವ ಟ್ರೆಕ್ ಅಂತ ಯಾರಾದರೂ ಮಾರುತ್ತಿದ್ದರೆ ಅನುಮತಿ ಪತ್ರದ ಫೋಟೊ ಕೇಳಿ. ಅದರಲ್ಲಿ ನಿಮ್ಮ ದಿನಾಂಕ, ಜನರ ಸಂಖ್ಯೆ, ಹಾದಿಯ ಹೆಸರು ಇರಬೇಕು. ಕೇಳಿದ ಕೂಡಲೇ 'ಟೆನ್ಶನ್ ಮತ್ ಲೋ' ಅಂದರೆ ಅಲ್ಲಿಗೇ ಬಿಡಿ. ಗೇಟಿಗೆ ಹೆದರುವ ಗೈಡ್ ಕಾಡಿನೊಳಗೆ ನಿಮ್ಮನ್ನು ಏನು ಕಾಯುತ್ತಾನೆ? ಮತ್ತೆ, ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926 ಫೋನಿನಲ್ಲಿ ಇಟ್ಟುಕೊಳ್ಳಿ. ನಾನು ಆ ನಂಬರ್ ತಿಳಿದುಕೊಂಡದ್ದು ದಂಡ ಕಟ್ಟಿದ ಮೇಲೆ.

ಮಂಗಳವಾರ ಭಾವನನ್ನು ಬಸ್ಸಿನಲ್ಲಿ ಕಾನ್ಹೇರಿಗೆ ಕರೆದುಕೊಂಡು ಹೋದೆ. ಸಂಸ್ಕೃತ ಶಾಸನ, ಲಿಪಿ ಹಳತು, ಸವೆದಿದೆ. ಎರಡು ಮೂರು ಅಕ್ಷರಕ್ಕಿಂತ ಹೆಚ್ಚು ಅವರಿಗೆ ಹಿಡಿಯಲಾಗಲಿಲ್ಲ. ಆದರೂ ಅರ್ಧ ಗಂಟೆ ಕತ್ತೆತ್ತಿ ನಿಂತೇ ಇದ್ದರು. ಹೆಗಲ ಮೇಲೆ ನನ್ನ ಹೆಂಡತಿ ಕೊಟ್ಟ ಸ್ನಾನದ ಟವೆಲ್ಲು, ಗುಲಾಬಿ ಬಣ್ಣದ್ದು.

ಹಣ ವಾಪಸ್ ಕೇಳಿದ್ದಕ್ಕೆ ಆ ಗೈಡ್ ಕಳಿಸಿದ ಉತ್ತರ: "ಅಡ್ವೆಂಚರ್ ಅಂದ್ರೆ ಇದೇ ತಾನೆ ಸರ್." ಮಗನ ಫೋಟೊ ತೆಗೆದುಹಾಕಿ ಅಂದ ಮೇಲೆ ನನ್ನನ್ನು ಬ್ಲಾಕ್ ಮಾಡಿದ. ನಿನ್ನೆ ಹೆಂಡತಿಯ ಫೋನಿನಲ್ಲಿ ನೋಡಿದೆ. ಹೂವಿನ ಮಾತು ತೆಗೆದು 'ಚಳಿಗಾಲದ ಜಂಗಲ್ ವಾಕ್' ಅಂತ ಹೆಸರು ಬದಲಾಯಿಸಿದ್ದಾನೆ. ರೇಟು 999. ಫೋಟೊ ಅದೇ, ಹಳದಿ ರೇನ್‌ಕೋಟ್. ಮುಂದಿನ ಭಾನುವಾರಕ್ಕೆ ಇನ್ನು ನಾಲ್ಕೇ ಸೀಟು ಬಾಕಿ ಅಂತೆ.