ಸೊರಗಿದ ಎಸ್‌ಎಂಪಿಎಸ್: ಪತ್ತೆಗೆ ಯಾವ ದಾರಿ, ಬದಲಿಗೆ ಯಾವುದು?

ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದ ವೋಲ್ಟೇಜ್‌ಗಳಿಗೆ ಬದಲಿಸಿ ಕೊಡುವ ಪೆಟ್ಟಿಗೆ. ಪೂರ್ತಿ ಸತ್ತ ಎಸ್‌ಎಂಪಿಎಸ್ ಪತ್ತೆ ಮಾಡುವುದು ಸುಲಭ. ಬಟನ್ ಒತ್ತಿದರೆ ಏನೂ ಆಗುವುದಿಲ್ಲ, ಅಷ್ಟೆ. ಕಾಡುವುದು ಸೊರಗಿದ ಎಸ್‌ಎಂಪಿಎಸ್. ಕಂಪ್ಯೂಟರ್ ಆನ್ ಆಗುತ್ತದೆ, ಬ್ರೌಸರ್ ತೆರೆಯುತ್ತದೆ, ಹಾಡು ಕೇಳಬಹುದು. ಗೇಮ್ ಶುರು ಮಾಡಿದ ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಗಿ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ವಿಂಡೋಸ್‌ನ ದಾಖಲೆ ತೋರಿಸುವ ಇವೆಂಟ್ ವ್ಯೂವರ್ ತೆರೆದರೆ 'ಕರ್ನಲ್ ಪವರ್ 41' ಅಂತ ಒಂದು ಸಾಲು ಸಿಗುತ್ತದೆ. ಸರಿಯಾಗಿ ಶಟ್‌ಡೌನ್ ಆಗದೆ ಮಷೀನ್ ನಿಂತಿತು ಎಂದಷ್ಟೇ ಅದರ ಅರ್ಥ. ರ್‍ಯಾಮ್ ಕೆಟ್ಟರೂ ಅದೇ ಸಾಲು, ಪ್ರೊಸೆಸರ್ ಕಾದರೂ ಅದೇ ಸಾಲು ಬರಬಹುದು.

ನನ್ನ ಮಷೀನ್ ಹೀಗೆ ಮಾಡತೊಡಗಿದಾಗ, ಜನ ಹೇಳುವ ಪರೀಕ್ಷೆಗಳನ್ನೆಲ್ಲ ಅದೇ ಎಸ್‌ಎಂಪಿಎಸ್ ಮೇಲೆ ಮಾಡಿ ನೋಡಿದೆ. ಪ್ರತಿಯೊಂದಕ್ಕೂ ನಾನು ಕೇಳಿದ್ದು ಒಂದೇ ಪ್ರಶ್ನೆ: ಇದು ಲೋಡ್ ಇರುವಾಗ, ಅಂದರೆ ಮಷೀನ್ ಜೋರಾಗಿ ಕರೆಂಟ್ ಎಳೆಯುವಾಗ, ನೋಡುತ್ತದೆಯೋ ಇಲ್ಲವೋ?

ಮೊದಲು ಸಾಫ್ಟ್‌ವೇರ್. ಎಚ್‌ಡಬ್ಲ್ಯೂಇನ್ಫೋ ಎಂಬ ಪ್ರೋಗ್ರಾಂ ಹಾಕಿದರೆ ಮದರ್‌ಬೋರ್ಡ್‌ನ ಸೆನ್ಸರ್ ಹೇಳುವ ವೋಲ್ಟೇಜ್ ಕಾಣುತ್ತದೆ. ಖರ್ಚಿಲ್ಲ, ಕ್ಯಾಬಿನೆಟ್ ಬಿಚ್ಚಬೇಕಿಲ್ಲ. ಆದರೆ ಆ ಸೆನ್ಸರ್‌ಗಳ ಲೆಕ್ಕ ಒರಟು. ಕೆಲವು ಬೋರ್ಡ್‌ಗಳಲ್ಲಿ 12 ವೋಲ್ಟ್ ಜಾಗದಲ್ಲಿ ನಂಬಲಾಗದ ಸಂಖ್ಯೆ ಬರುತ್ತದೆ. ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲು ತೆರೆಯಬಹುದಾದ ಮದರ್‌ಬೋರ್ಡ್‌ನ ಸೆಟ್ಟಿಂಗ್ ಪರದೆ) ಕಾಣುವ ಅಂಕಿಯೂ ಅಷ್ಟೇ, ಅಲ್ಲಿ ಗ್ರಾಫಿಕ್ಸ್ ಕಾರ್ಡ್‌ಗೆ ಕೆಲಸವೇ ಇರುವುದಿಲ್ಲ. ನನಗೆ ಇದು ಉಪಯೋಗಕ್ಕೆ ಬಂದದ್ದು ಬಿಸಿ ನೋಡಲು. ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ತಣ್ಣಗಿದ್ದಾಗಲೇ ಮಷೀನ್ ಬೀಳುತ್ತಿತ್ತು. ಅಲ್ಲಿಗೆ ಬಿಸಿಯ ಮೇಲಿನ ಅನುಮಾನ ಹೋಯಿತು.

ಪೇಪರ್ ಕ್ಲಿಪ್ ಪರೀಕ್ಷೆ ಎಲ್ಲರಿಗೂ ಗೊತ್ತು. 24 ಪಿನ್ ಕನೆಕ್ಟರ್ ಬಿಚ್ಚಿ, ಹಸಿರು ವೈರ್ ಇರುವ 16ನೇ ಪಿನ್ ಮತ್ತು ಒಂದು ಕಪ್ಪು ವೈರ್ ಸೇರಿಸಿದರೆ ಎಸ್‌ಎಂಪಿಎಸ್ ಆನ್ ಆಗುತ್ತದೆ. ನನ್ನದೂ ಆಯಿತು, ಫ್ಯಾನ್ ತಿರುಗಿತು. ಅದರಿಂದ ಗೊತ್ತಾದದ್ದು ಅದು ಸತ್ತಿಲ್ಲ ಅಂತ ಮಾತ್ರ. ಖಾಲಿ ಗಾಡಿ ಎಳೆಸಿ ಎತ್ತಿನ ಬಲ ನೋಡಿದ ಹಾಗೆ. ಇನ್ನೊಂದು ವಿಷಯ: ಲೋಡ್ ಕಡಿಮೆ ಇದ್ದಾಗ ಫ್ಯಾನ್ ನಿಲ್ಲಿಸುವ ಮಾದರಿಗಳಿವೆ. ಅವುಗಳಲ್ಲಿ ಫ್ಯಾನ್ ತಿರುಗದಿದ್ದರೂ ಎಸ್‌ಎಂಪಿಎಸ್ ಚೆನ್ನಾಗಿಯೇ ಇರಬಹುದು.

ಚಿಕ್ಕ ಪರದೆಯ ಎಸ್‌ಎಂಪಿಎಸ್ ಟೆಸ್ಟರ್ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಕನೆಕ್ಟರ್ ಸಿಕ್ಕಿಸಿದರೆ ಎಲ್ಲ ವೋಲ್ಟೇಜ್ ಒಟ್ಟಿಗೆ ತೋರಿಸುತ್ತದೆ. ಜೊತೆಗೆ, ವೋಲ್ಟೇಜ್ ಸರಿಯಾಗಿದೆ ಅಂತ ಮದರ್‌ಬೋರ್ಡ್‌ಗೆ ಹೇಳುವ 'ಪವರ್ ಗುಡ್' ಸಿಗ್ನಲ್ ಬರಲು ಎಷ್ಟು ಮಿಲಿಸೆಕೆಂಡ್ ಬೇಕಾಯಿತು ಅಂತಲೂ ಹೇಳುತ್ತದೆ. ಅದು 100ರಿಂದ 500ರ ಒಳಗಿರಬೇಕು. ಆನ್ ಆಗಲು ತಕರಾರು ಮಾಡುವ ಮಷೀನ್‌ಗೆ ಈ ಅಂಕಿ ತುಂಬಾ ಸಹಾಯ ಮಾಡುತ್ತದೆ. ನನ್ನದು ಇದರಲ್ಲಿ ಸಲೀಸಾಗಿ ಪಾಸಾಯಿತು, ಯಾಕೆಂದರೆ ಟೆಸ್ಟರ್ ಕೊಡುವ ಲೋಡ್ ತೀರಾ ಸಣ್ಣದು. ದಿನವೂ ಹತ್ತಾರು ಎಸ್‌ಎಂಪಿಎಸ್ ನೋಡುವ ರಿಪೇರಿಯವರಿಗೆ ಬೇಕಾದ ಸಾಧನ. ಮನೆಗೆ ಬೇಡ ಅನ್ನುತ್ತೇನೆ.

ಮಲ್ಟಿಮೀಟರ್‌ನಿಂದ ನಿಜ ಹೊರಬಿತ್ತು. ಹಳೆಯ ನಾಲ್ಕು ಪಿನ್‌ನ ಮೊಲೆಕ್ಸ್ ಕನೆಕ್ಟರ್‌ನ ಹಳದಿ ವೈರ್ 12 ವೋಲ್ಟ್, ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್. ನನ್ನದರಂಥ ಹಳೆಯ ಡೆಸ್ಕ್‌ಟಾಪ್ ಎಸ್‌ಎಂಪಿಎಸ್‌ಗಳಿಗಿರುವ ಎಟಿಎಕ್ಸ್ ಎಂಬ ನಿಯಮದಂತೆ ಶೇಕಡಾ 5ರಷ್ಟು ಆಚೀಚೆ ಆಗಬಹುದು. ಅಂದರೆ 12 ವೋಲ್ಟ್ ಲೈನ್ 11.4ಕ್ಕಿಂತ ಇಳಿಯಬಾರದು, 12.6 ದಾಟಬಾರದು. ಸುಮ್ನೆ ಡೆಸ್ಕ್‌ಟಾಪ್ ತೋರಿಸುತ್ತಾ ಕುಳಿತಾಗ 12.08 ಇತ್ತು. ಓಸಿಸಿಟಿ ಎಂಬ ಪ್ರೋಗ್ರಾಂನ ಪವರ್ ಟೆಸ್ಟ್ ಹಚ್ಚಿದೆ. ಅದು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡನ್ನೂ ಒಟ್ಟಿಗೆ ದುಡಿಸುತ್ತದೆ. ಅಂಕಿ 11.6ಕ್ಕೆ ಬಂತು, ನಿಲ್ಲಲಿಲ್ಲ, 11.3ಕ್ಕೆ ಜಾರಿತು, ಮಷೀನ್ ಬಿತ್ತು. ಅದೇ ಹೊತ್ತಿಗೆ 5 ವೋಲ್ಟ್ ಲೈನ್ ಮೇಲಕ್ಕೆ ಏರುತ್ತಿತ್ತು. ಹಳೆಯ ವಿನ್ಯಾಸದಲ್ಲಿ 12 ಮತ್ತು 5 ವೋಲ್ಟ್ ಎರಡನ್ನೂ ಒಂದೇ ಸರ್ಕ್ಯೂಟ್ ಸಂಭಾಳಿಸುತ್ತದೆ. ಒಂದು ಕಡೆ ಭಾರ ಜಾಸ್ತಿಯಾದರೆ ಅದು ಇಳಿಯುತ್ತದೆ, ಇನ್ನೊಂದು ಏರುತ್ತದೆ. ಇದನ್ನು ಕಣ್ಣಾರೆ ಕಂಡ ಮೇಲೆ, ಒಂದು ಕ್ಷಣದ ಅಂಕಿಗಿಂತ ಅಂಕಿ ಎತ್ತ ಹೋಗುತ್ತಿದೆ ಅನ್ನುವುದನ್ನೇ ನಾನು ಜಾಸ್ತಿ ನಂಬುತ್ತೇನೆ.

ಸಾಧ್ಯವಾದರೆ ಗ್ರಾಫಿಕ್ಸ್ ಕಾರ್ಡ್‌ಗೆ ಹೋಗುವ ಕನೆಕ್ಟರ್‌ನ ಹಿಂಬದಿಯಿಂದಲೂ ಅಳೆಯಿರಿ. ಹೆಚ್ಚು ಕರೆಂಟ್ ಹರಿಯುವುದು ಅಲ್ಲೇ ಅಲ್ವಾ. ಮೀಟರ್‌ನ ಕಡ್ಡಿ ಜಾರಿ ಹಳದಿ, ಕಪ್ಪು ಎರಡಕ್ಕೂ ಒಟ್ಟಿಗೆ ತಾಗದಂತೆ ಎಚ್ಚರ ಇರಲಿ. ಮೀಟರ್‌ಗೂ ಒಂದು ಮಿತಿ ಇದೆ, ಅದು ಸರಾಸರಿ ತೋರಿಸುತ್ತದೆ. 12 ವೋಲ್ಟ್ ಲೈನ್‌ನಲ್ಲಿ ರಿಪಲ್ (ವೋಲ್ಟೇಜ್‌ನ ಸಣ್ಣ, ವೇಗದ ಏರಿಳಿತ) 120 ಮಿಲಿವೋಲ್ಟ್ ದಾಟಬಾರದು ಎಂಬ ನಿಯಮವಿದೆ. ಒಣಗಿದ ಕೆಪ್ಯಾಸಿಟರ್ ಮೊದಲು ಕೆಡಿಸುವುದೇ ಅದನ್ನು. ಅದು ಕಾಣಬೇಕಾದರೆ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಬೇಕು. ಆದ್ದರಿಂದ ಮೀಟರ್ 'ಕೆಟ್ಟಿದೆ' ಅಂದರೆ ನಂಬಿ, 'ಚೆನ್ನಾಗಿದೆ' ಅಂದರೆ ಮುಂದಿನ ಪರೀಕ್ಷೆಗೆ ಹೋಗಿ.

ಆ ಪರೀಕ್ಷೆ ಅದಲುಬದಲು. ಅಷ್ಟೇ ಭಾರ ಹೊರುವ ಇನ್ನೊಂದು ಮಷೀನ್‌ನಿಂದ ಎಸ್‌ಎಂಪಿಎಸ್ ತಂದು ಹಾಕಿದೆ. ರೀಸ್ಟಾರ್ಟ್ ನಿಂತಿತು. ನನ್ನ ಹಳೆಯದನ್ನು ಆ ಮಷೀನ್‌ಗೆ ಹಾಕಿದೆ. ಕಾಯಿಲೆ ಅಲ್ಲಿಗೆ ಹೋಯಿತು. ಎರಡೂ ಕಡೆ ನೋಡುವುದು ಮುಖ್ಯ. ಬರೀ ಬಿಚ್ಚಿ ಹಾಕಿದ್ದರಿಂದಲೇ ಸಡಿಲವಾಗಿದ್ದ ಕನೆಕ್ಟರ್ ಬಿಗಿಯಾಗಿ ಮಷೀನ್ ಸರಿಹೋಗಬಹುದು. ಆಗ ತಪ್ಪು ಎಸ್‌ಎಂಪಿಎಸ್ ಮೇಲೆ ಬೀಳುತ್ತದೆ. ಇದಕ್ಕೆ ಕೆಲಸ ಜಾಸ್ತಿ, ಎರಡನೇ ಮಷೀನ್ ಬೇಕು. ಆದರೂ ನನ್ನ ಆಯ್ಕೆ ಇದೇ. ಅದಿಲ್ಲದವರಿಗೆ ಲೋಡ್ ಹಾಕಿ ಮಲ್ಟಿಮೀಟರ್ ಹಿಡಿಯುವುದು ಎರಡನೇ ದಾರಿ.

ಎಸ್‌ಎಂಪಿಎಸ್ ಬಿಚ್ಚಿ ಕೆಪ್ಯಾಸಿಟರ್ ಬದಲಿಸುವುದನ್ನು ನಾನು ಹೋಲಿಕೆಗೇ ತೆಗೆದುಕೊಂಡಿಲ್ಲ. ಒಳಗಿನ ದೊಡ್ಡ ಕೆಪ್ಯಾಸಿಟರ್‌ನಲ್ಲಿ 300 ವೋಲ್ಟ್‌ಗೂ ಮೇಲೆ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಆ ಕೆಲಸ ಕಲಿತವರೇ ಮಾಡಲಿ.

ಬದಲಿಗೆ ಎರಡು ಬಗೆ ಹಾಕಿ ನೋಡಿದೆ. ಒಂದು, ಡಬ್ಬಿಯ ಮೇಲೆ ದೊಡ್ಡದಾಗಿ 500 ವ್ಯಾಟ್ ಅಂತ ಬರೆದಿದ್ದ ಅಗ್ಗದ್ದು. ಇನ್ನೊಂದು, 550 ವ್ಯಾಟ್‌ನ 80 ಪ್ಲಸ್ ಗೋಲ್ಡ್. ವ್ಯಾಟ್ ನೋಡಿದರೆ ಅಕ್ಕಪಕ್ಕದವು. ಲೇಬಲ್‌ನಲ್ಲಿ 12 ವೋಲ್ಟ್ ಸಾಲು ಓದಿದರೆ ಬೇರೆಯೇ ಕಥೆ. ಮೊದಲನೆಯದು 25 ಆಂಪ್, ಅಂದರೆ 300 ವ್ಯಾಟ್. ಎರಡನೆಯದು 45 ಆಂಪ್, ಅಂದರೆ 540 ವ್ಯಾಟ್. ಈಗಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಎಳೆಯುವುದು ಬಹುಪಾಲು 12 ವೋಲ್ಟ್‌ನಿಂದಲೇ. ಅದೇ ಓಸಿಸಿಟಿ ಪರೀಕ್ಷೆಯಲ್ಲಿ ಅಗ್ಗದ್ದು 11.5ಕ್ಕೆ ಇಳಿಯಿತು, ಹೊಸದಾಗಿದ್ದರೂ! ಗೋಲ್ಡ್ 12.05ರಿಂದ 11.98ಕ್ಕೆ ಬಂದು ಅಲ್ಲೇ ನಿಂತಿತು. ಇದರಲ್ಲಿ 5 ವೋಲ್ಟ್ ಮತ್ತು 3.3 ವೋಲ್ಟ್‌ಗೆ ಬೇರೆ ಸರ್ಕ್ಯೂಟ್ ಇದೆ. ಆದರೆ ಗೋಲ್ಡ್ ಅನ್ನುವ ಹೆಸರೊಂದನ್ನೇ ನಂಬಬೇಡಿ. 80 ಪ್ಲಸ್ ಅಳೆಯುವುದು ಎಷ್ಟು ವಿದ್ಯುತ್ ಬಿಸಿಯಾಗಿ ಪೋಲಾಗುತ್ತದೆ ಎಂಬುದನ್ನು. ರಿಪಲ್ ಬಗ್ಗೆ, ರಕ್ಷಣೆಯ ಸರ್ಕ್ಯೂಟ್ ಬಗ್ಗೆ ಅದು ಏನೂ ಹೇಳುವುದಿಲ್ಲ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇದ್ದರೆ 2022ರಲ್ಲಿ ಬಂದ ಎಟಿಎಕ್ಸ್ 3.0 ಅಥವಾ ಅದಕ್ಕಿಂತ ಹೊಸ ನಿಯಮದ್ದನ್ನು ನೋಡಿ. ಕಾರ್ಡ್ ಕ್ಷಣಮಾತ್ರ ದುಪ್ಪಟ್ಟು ಎಳೆದರೂ ತಡೆದುಕೊಳ್ಳಬೇಕು ಅನ್ನುವುದನ್ನು ಅದರಲ್ಲಿ ಸೇರಿಸಿದ್ದಾರೆ.

ಫಿಕ್ಸೆಡ್ ಕೇಬಲ್ಲೋ ಮಾಡ್ಯುಲರೋ (ಬೇಡದ ಕೇಬಲ್ ಬಿಚ್ಚಿಡಬಹುದಾದದ್ದು) ಅನ್ನುವುದು ಕ್ಯಾಬಿನೆಟ್‌ನ ಜಾಗ ನೋಡಿ ನಿಮ್ಮ ಇಷ್ಟ. ಮಾಡ್ಯುಲರ್ ತಂದರೆ ಮಾತ್ರ ಹಳೆಯ ಕೇಬಲ್ ಒಂದನ್ನೂ ಒಳಗೆ ಬಿಡಬೇಡಿ. ಡ್ರೈವ್ ಕಡೆಯ ಕನೆಕ್ಟರ್ ಎಲ್ಲರದ್ದೂ ಒಂದೇ, ಎಸ್‌ಎಂಪಿಎಸ್ ಕಡೆಯದು ಹಾಗಲ್ಲ. ಪ್ಲಗ್ ಸರಿಯಾಗಿ ಕೂತರೂ 5 ವೋಲ್ಟ್ ಬರಬೇಕಾದ ಪಿನ್‌ಗೆ 12 ವೋಲ್ಟ್ ಬಂದು ಹಾರ್ಡ್ ಡಿಸ್ಕ್ ಸುಟ್ಟುಹೋಗಬಹುದು.